ಹನ್ನೆರಡು ಸೆಕೆಂಡಿನ ಚಿಕ್ಕಮ್ಮ

ಚಿಕ್ಕಮ್ಮ ಸತ್ತ ಹದಿನೆಂಟನೆಯ ದಿನ ನನ್ನ ಫೋನಿನಲ್ಲಿ ನಕ್ಕಳು.

ಪಕ್ಕದ ಮನೆಯವಳು ಕಳಿಸಿದ್ದಳು. 'ಇದು ನಿಮ್ಮ ಚಿಕ್ಕಮ್ಮ ಅಲ್ವಾ?' ಎಂದು ಕೆಳಗೆ ಬರೆದಿದ್ದಳು. ನಾನು ಒಲೆಯ ಮೇಲೆ ನೀರಿಟ್ಟಿದ್ದೆ. ನೀರೆಲ್ಲ ಬತ್ತಿ ಪಾತ್ರೆ ಸೀದ ವಾಸನೆ ಬರುವವರೆಗೂ ನೋಡುತ್ತಲೇ ನಿಂತೆ. ವಿಡಿಯೋ ಇದ್ದದ್ದು ಹನ್ನೆರಡೇ ಸೆಕೆಂಡು. ಚಿಕ್ಕಮ್ಮ ಲಿಫ್ಟಿನೊಳಗೆ ತನ್ನ ಸ್ಟೂಲಿನ ಮೇಲೆ ಕೂತಿದ್ದಾಳೆ. ಮಾಸ್ಕು ಕೈಯಲ್ಲಿದೆ. "ನನಗೇನೂ ಆಗಿಲ್ಲ. ನನಗೆ ಭಯ ಇಲ್ಲ" ಅನ್ನುತ್ತಾಳೆ. ಆಮೇಲೆ ನಗುತ್ತಾಳೆ. "ಭೇಷ್!" ಎಂದು ಒಬ್ಬ ಗಂಡಸಿನ ದನಿ ಕೇಳುತ್ತದೆ. ಅಲ್ಲಿಗೆ ಮುಗಿಯುತ್ತದೆ. ಮುಗಿದ ಕೂಡಲೇ ಮತ್ತೆ ಮೊದಲಿಂದ ಶುರುವಾಗುತ್ತದೆ.

ಆಸ್ಪತ್ರೆಯವರು ನನಗೆ ಅವಳ ಮುಖ ತೋರಿಸಿರಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಗಂಟು ಹಾಕಿ, ಇಪ್ಪತ್ತು ಅಡಿ ದೂರದಿಂದ "ಇವರೇ" ಎಂದಿದ್ದರು. ನಾನು ಹೌದು ಎಂದು ಸಹಿ ಮಾಡಿದ್ದೆ. ನನಗೆ ಸಿಗದ ಮುಖ ಈಗ ಊರಿಗೆಲ್ಲ ಸಿಕ್ಕಿತ್ತು.

ನನ್ನನ್ನು ಸಾಕಿದವಳು ಅವಳು. ನಮ್ಮಮ್ಮ ಹೋದಾಗ ನನಗೆ ಆರು ವರ್ಷ. ಚಿಕ್ಕಮ್ಮ ಮದುವೆಯಾಗಿರಲಿಲ್ಲ. ಆಗುವಂತೆಯೂ ಇರಲಿಲ್ಲ. ಅವಳ ತುಟಿಯ ಸುತ್ತ, ಗದ್ದದ ಮೇಲೆ ತೊನ್ನು. ಬೇರೆಲ್ಲೂ ಇಲ್ಲ, ಅಲ್ಲಿ ಮಾತ್ರ. ನೋಡುವವರ ಕಣ್ಣು ಮೊದಲು ಬೀಳುವುದೇ ಅಲ್ಲಿಗೆ. ನಾವಿಬ್ಬರೂ ಲಿಫ್ಟು ನಡೆಸುತ್ತಿದ್ದ ಕಟ್ಟಡದವರು ಅವಳಿಗೆ ಬಿಳಿಬಾಯಿ ಎಂದು ಹೆಸರಿಟ್ಟಿದ್ದರು. ಅವಳಿಗೂ ಕೇಳುವ ಹಾಗೆಯೇ ಕರೆಯುತ್ತಿದ್ದರು.

ಅದು ಏಳು ಮಹಡಿಯ ಹಳೆಯ ಕಟ್ಟಡ. ಮಹಡಿ ತುಂಬ ಆಫೀಸುಗಳು. ಅಕ್ಕಪಕ್ಕದಲ್ಲಿ ಎರಡು ಲಿಫ್ಟು, ನಡುವೆ ಬರೀ ತಂತಿಯ ಬಲೆ. ಗುಂಡಿ ಒತ್ತಿದರೆ ಹೋಗುವ ಲಿಫ್ಟುಗಳಲ್ಲ. ಒಳಗೊಬ್ಬರು ಕೂತು ಹಿಡಿಕೆ ತಿರುಗಿಸಬೇಕು. ಜಾಲರಿ ಬಾಗಿಲನ್ನು ಕೈಯಿಂದ ಎಳೆದು ತೆರೆಯಬೇಕು, ಎಳೆದು ಮುಚ್ಚಬೇಕು. ದಿನಕ್ಕೆ ನಾನೂರು ಸಲ. ಸಂಜೆಗೆ ಬಲಭುಜ ನಮ್ಮದಲ್ಲ ಅನ್ನಿಸುತ್ತದೆ. ಉಚ್ಚೆಗೆ ಹೋಗಬೇಕೆಂದರೆ ಮೇನೇಜರನ ಅಪ್ಪಣೆ ಬೇಕು. ಅದಕ್ಕೇ ನಾವು ಬೆಳಗ್ಗೆಯಿಂದ ನೀರು ಕುಡಿಯುತ್ತಿರಲಿಲ್ಲ.

ಮೊದಲನೆಯ ಲಿಫ್ಟು ಚಿಕ್ಕಮ್ಮನದು. ಎರಡನೆಯದು ನನ್ನದು. ನನ್ನ ಲಿಫ್ಟಿನ ಮುಂದೆ ಸದಾ ಸಾಲು. ಅವಳದು ಬಾಗಿಲು ತೆರೆದು ಖಾಲಿ ನಿಂತಿರುತ್ತಿತ್ತು. ಹೊತ್ತಾಯಿತು ಎಂದು ಗೊಣಗುತ್ತಲೇ ಜನ ನನ್ನ ಲಿಫ್ಟಿಗೆ ಕಾಯುತ್ತಿದ್ದರು. ಗೊತ್ತಿಲ್ಲದ ಹೊಸಬರು ಯಾರಾದರೂ ಅವಳ ಲಿಫ್ಟಿಗೆ ಕಾಲಿಟ್ಟರೆ, ಅವಳ ಮುಖ ನೋಡಿ, ಏನೋ ಮರೆತವರ ಹಾಗೆ ಜೇಬು ತಡಕಿ ಹಿಂದೆ ಸರಿಯುತ್ತಿದ್ದರು. ಅದು ಅಂಟುವುದಿಲ್ಲ. ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಸರಿಯುತ್ತಿದ್ದರು.

"ಬಿಡೇ, ನನ್ನ ಲಿಫ್ಟಿಗೆ ಆಯಸ್ಸು ಜಾಸ್ತಿ. ಸವೆಯೋದೇ ಇಲ್ಲ" ಎಂದು ಚಿಕ್ಕಮ್ಮ ನಗುತ್ತಿದ್ದಳು.

ಹೀಗೆ ಒಂಬತ್ತು ವರ್ಷ.

ಆಮೇಲೆ ಆ ರೋಗ ಬಂತು. ಮಾಸ್ಕು ಬಂತು. ಮೇನೇಜರ್ ನಮಗೆ ತಲಾ ಎರಡು ಬಟ್ಟೆಯ ಮಾಸ್ಕು ಕೊಟ್ಟ. ಒಂದನ್ನು ಒಗೆದು ಒಣಹಾಕಿ ಇನ್ನೊಂದನ್ನು ಹಾಕಿಕೊಳ್ಳಬೇಕು. ಕಿವಿಯ ಹಿಂದೆ ಚರ್ಮ ಕಿತ್ತು ಬಂತು. ನನಗೆ ಉಸಿರು ಕಟ್ಟುತ್ತಿತ್ತು. ಶಾಪ ಹಾಕುತ್ತಿದ್ದೆ. ಚಿಕ್ಕಮ್ಮ ಶಾಪ ಹಾಕಲಿಲ್ಲ. ಯಾಕೆಂದರೆ ಮೊದಲ ವಾರವೇ ಅವಳ ಲಿಫ್ಟು ತುಂಬಿತು. ಬಾಯಿ ಕಾಣದಿದ್ದಾಗ ಅವಳು ಬರೀ ಒಬ್ಬ ಲಿಫ್ಟಿನವಳು. ಜನ "ಮೂರನೇದು", "ಆರನೇದು" ಎಂದು ಅವಳ ಕಣ್ಣು ನೋಡಿ ಹೇಳಿದರು. ಒಬ್ಬಾಕೆ ಇಳಿಯುವಾಗ ಥ್ಯಾಂಕ್ಸ್ ಎಂದಳಂತೆ. ಅದನ್ನು ಮನೆಗೆ ಬಂದು ಮೂರು ಸಲ ಹೇಳಿದಳು.

"ಈ ಚಿಂದಿ ಬಟ್ಟೆ ನನಗೊಂದು ಮುಖ ಕೊಡ್ತು ಕಣೇ" ಎಂದಳು. ಬಟ್ಟಲಲ್ಲಿ ಸೋಪಿನ ನೀರು ಹಾಕಿ ಮಾಸ್ಕನ್ನು ಮಗುವಿನ ತಲೆ ತೊಳೆಯುವ ಹಾಗೆ ತೊಳೆಯುತ್ತಿದ್ದಳು.

ಅಷ್ಟರಲ್ಲಿ ಕಟ್ಟಡದಲ್ಲಿ ಜಗಳ ಶುರುವಾಗಿತ್ತು. ಮೂರನೆಯ ಮಹಡಿಯಲ್ಲಿ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕು. ಐದನೆಯದರಲ್ಲಿ ಒಂದು ವ್ಯಾಪಾರದ ಆಫೀಸು. ನಲವತ್ತು ಜನ ಕೆಲಸಗಾರರು, ಅವರ ಮೇಲೊಬ್ಬ ಯಜಮಾನ. ಡಾಕ್ಟರಮ್ಮ ಲಿಫ್ಟಿನೊಳಗೆ 'ಮಾಸ್ಕ್ ಕಡ್ಡಾಯ' ಎಂದು ಚೀಟಿ ಅಂಟಿಸಿದಳು. ಯಜಮಾನ ಅದನ್ನು ಹರಿದ. ಅವಳು ಮತ್ತೆ ಅಂಟಿಸಿದಳು. ಅವನು ಮತ್ತೆ ಹರಿದ. ಗೋಡೆಯ ಮೇಲೆ ಗೋಂದಿನ ಕಲೆ ಉಳಿಯಿತು. ಅದನ್ನು ಉಗುರಿನಿಂದ ಕೆರೆದು ತೆಗೆದವರು ನಾವು.

"ಮಾಸ್ಕ್ ಅನ್ನೋದು ಗುಲಾಮಗಿರಿ" ಅನ್ನುತ್ತಿದ್ದ ಅವನು. "ನನ್ನ ಉಸಿರು, ನನ್ನಿಷ್ಟ."

"ನಿಮ್ಮ ಉಸಿರು ನಿಮ್ಮ ಮೂಗಲ್ಲೇ ಇದ್ರೆ ನಿಮ್ಮಿಷ್ಟ" ಅನ್ನುತ್ತಿದ್ದಳು ಅವಳು.

ಈ ಮಾತೆಲ್ಲ ನಡೆಯುತ್ತಿದ್ದದ್ದು ನಮ್ಮ ತಲೆಯ ಮೇಲೆ. ನಾವು ಸ್ಟೂಲಿನಲ್ಲಿ ಕೂತಿರುತ್ತಿದ್ದೆವು. ಅವರು ನಿಂತಿರುತ್ತಿದ್ದರು. ಎಂಜಲು ಎಲ್ಲಿಗೆ ಬೀಳಬೇಕೋ ಅಲ್ಲಿಗೇ ಬೀಳುತ್ತಿತ್ತು.

ಮೇನೇಜರನಿಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಮ್ಮಿಬ್ಬರನ್ನು ಕರೆದು, "ಮಾಸ್ಕ್ ಇಲ್ದೋರನ್ನ ಹತ್ತಿಸ್ಕೋಬೇಡಿ. ನೀವೇ ಹೇಳಿ" ಎಂದ.

"ನಾವು ಹೇಳಿದ್ರೆ ಅವರು ಕೇಳ್ತಾರಾ ಸಾರ್? ನೀವೊಂದು ಮಾತು ಹೇಳಿ" ಎಂದಳು ಚಿಕ್ಕಮ್ಮ.

"ಐದನೇ ಮಹಡಿಯೋರಿಗೆ ನಾನು ಹೇಳಕ್ಕಾಗತ್ತೇನಮ್ಮ?"

ಅವನಿಗೆ ಆಗದ್ದು ನಮಗೆ ಆಗಬೇಕಿತ್ತು. ಹೇಳಿದರೆ ಯಜಮಾನ ಬೈಯುತ್ತಿದ್ದ. ಹೇಳದಿದ್ದರೆ ಡಾಕ್ಟರಮ್ಮ. "ನಿಮಗೆ ಜವಾಬ್ದಾರಿ ಅನ್ನೋದೇ ಇಲ್ವಾ? ನಿಮ್ಮಂಥೋರಿಂದಲೇ ಹರಡೋದು" ಎಂದು ಅವಳು ನನಗೇ ಹೇಳಿದ್ದಳು. ಹೇಳುವಾಗ ಅವಳ ಮುಖದ ಮೇಲೆ ಎರಡು ಮಾಸ್ಕು, ಅದರ ಮೇಲೆ ಗಾಜಿನಂಥ ಹಾಳೆ.

ಆ ದಿನದ್ದು ನಾನು ಹೇಳಲೇಬೇಕು.

ಮಧ್ಯಾಹ್ನ, ಊಟದ ಹೊತ್ತು. ನನ್ನ ಲಿಫ್ಟು ನಾಲ್ಕನೆಯ ಮಹಡಿಯಲ್ಲಿ ಖಾಲಿ ನಿಂತಿತ್ತು. ಚಿಕ್ಕಮ್ಮನ ಲಿಫ್ಟು ಕೆಳಗಿನಿಂದ ಬಂದು, ನಾಲ್ಕನೆಯದನ್ನು ಮುಟ್ಟುವ ಮೊದಲೇ ನಿಂತಿತು. ಒಳಗಿದ್ದವರು ನಿಲ್ಲಿಸು ಎಂದದ್ದಕ್ಕೆ ಅವಳು ಹಿಡಿಕೆ ಬಿಟ್ಟಿದ್ದಳು. ಒಳಗೆ ಯಜಮಾನ, ಅವನ ಜೊತೆ ಅವನ ಗೆಳೆಯನೊಬ್ಬ. ಇಬ್ಬರ ಮುಖವೂ ಬರಿದು. ಯಜಮಾನ ಮಾತಿನ ನಡುವೆ ಕೆಮ್ಮುತ್ತಿದ್ದ. ಅವನ ಕೈಯಲ್ಲಿ ಫೋನಿತ್ತು.

"ತೆಗಿ ಅದನ್ನ" ಎಂದ.

"ಬೇಡ ಸಾರ್."

"ತೆಗಿಯಮ್ಮ. ಎಷ್ಟು ವಯಸ್ಸು ನಿಂಗೆ? ಐವತ್ತೆಂಟಾ? ದಿನಾ ನೂರಾರು ಜನರ ಮಧ್ಯೆ ಕೂತಿರ್ತೀಯ. ಏನಾದ್ರೂ ಆಗಿದ್ಯಾ? ಅದನ್ನೇ ಹೇಳು, ಸಾಕು. ನಿನ್ನಂಥೋಳಿಗೇ ಭಯ ಇಲ್ಲ ಅಂತ ಜನಕ್ಕೆ ಗೊತ್ತಾಗ್ಲಿ."

"ಬೇಡ ಸಾರ್. ನನ್ನ ಬಾಯಿ..."

"ನಿನ್ನ ಬಾಯಿ ಹೇಗಿದೆ ಅಂತ ನಮಗೆ ಗೊತ್ತಿಲ್ವಾ?" ಎಂದು ಗೆಳೆಯ ನಕ್ಕ. "ಬಿಳಿಬಾಯಿ ಅಲ್ವೇನೋ ಇವಳು?"

ಯಜಮಾನ ನಗಲಿಲ್ಲ. ಮೆತ್ತಗೆ ಹೇಳಿದ. "ನೋಡು, ಬಿಲ್ಡಿಂಗಿನ ಕಮಿಟೀಲಿ ನಾನಿದ್ದೀನಿ. ನಿನ್ನ ಮುಖ ಇಟ್ಕೊಂಡು ಇನ್ನೆಲ್ಲಿ ಕೆಲಸ ಹುಡುಕ್ತೀಯ?"

ಚಿಕ್ಕಮ್ಮ ತಲೆ ಎತ್ತಿ ತಂತಿಯ ಬಲೆಯಿಂದ ನನ್ನ ಕಡೆ ನೋಡಿದಳು. ನಮ್ಮಿಬ್ಬರ ನಡುವೆ ಎರಡು ಮೊಳ ಜಾಗವೂ ಇರಲಿಲ್ಲ. ಅವಳ ಕಣ್ಣು ನನಗೆ ಪೂರ್ತಿ ಕಾಣುತ್ತಿತ್ತು. ಅವಳು ಏನೂ ಕೇಳಲಿಲ್ಲ. ನೋಡಿದಳು, ಅಷ್ಟೆ.

ಏಳನೆಯ ಮಹಡಿಯಿಂದ ಗಂಟೆ ಬಾರಿಸಿತು. ಯಾರೋ ಲಿಫ್ಟು ಕರೆಯುತ್ತಿದ್ದರು. ನಾನು ಹಿಡಿಕೆ ತಿರುಗಿಸಿದೆ. ಮೇಲಕ್ಕೆ ಹೋದೆ.

ಹೋಗುತ್ತಾ ಅವಳ ದನಿ ಕೇಳಿಸಿತು. "ನನಗೇನೂ ಆಗಿಲ್ಲ. ನನಗೆ ಭಯ ಇಲ್ಲ."

ಮೂರನೆಯ ದಿನದಿಂದ ಯಜಮಾನ ಆಫೀಸಿಗೆ ಬರಲಿಲ್ಲ. ಜ್ವರವಂತೆ. ಆರನೆಯ ದಿನ ಚಿಕ್ಕಮ್ಮನ ಮೈ ಸುಡುತ್ತಿತ್ತು. ಒಂದೇ ಕೋಣೆಯ ಮನೆ ನಮ್ಮದು. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮಾಸ್ಕು ತೆಗೆಯಲಿಲ್ಲ. "ನಿನಗೆ ಬಂದೀತು, ಆಚೆ ಹೋಗು" ಅನ್ನುತ್ತಿದ್ದಳು. ಆಚೆ ಎಂದರೆ ಬೀದಿ. ನಾನು ಅಲ್ಲೇ ಕೂತೆ. ಆ ಮಧ್ಯಾಹ್ನದ ಬಗ್ಗೆ ಅವಳು ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ನೋಡಿದೆ ಎಂದು ಅವಳಿಗೆ ಗೊತ್ತು. ಅವಳಿಗೆ ಗೊತ್ತು ಎಂದು ನನಗೆ ಗೊತ್ತು.

ಎರಡು ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲ ಎಂದರು. ಮೂರನೆಯದರ ಗೇಟಿನಲ್ಲಿ ಗಾಲಿಕುರ್ಚಿಗೆ ಕೂರಿಸಿ ಒಳಗೆ ತಳ್ಳಿಕೊಂಡು ಹೋದರು. ಹೋಗುವಾಗ ತಿರುಗಿ, "ಲಿಫ್ಟಿನ ಬಾಗಿಲಿಗೆ ಎಣ್ಣೆ ಬಿಡೋಕೆ ಹೇಳು. ಕಿರುಗುಡ್ತಿದೆ" ಎಂದಳು. ನನಗೆ ಅವಳು ಹೇಳಿದ ಕೊನೆಯ ಮಾತು ಅದು.

ನಾನೂ ಮಲಗಿದೆ. ಎದ್ದೆ. ಕೆಲಸಕ್ಕೆ ಹೋದೆ. ಮೊದಲನೆಯ ಲಿಫ್ಟಿಗೆ ಬೀಗ ಹಾಕಿದ್ದರು. ಮೇನೇಜರ್, "ಪಾಪ, ಒಳ್ಳೇ ಹೆಂಗಸು" ಎಂದ. "ಜನ ಹೆದರ್ತಾರೆ ಅಂತ, ಕೆಲಸ ಬಿಟ್ಟಳು ಅಂದಿದ್ದೀನಿ. ಈಗ ಎರಡು ಲಿಫ್ಟಿನ ಜನಾನೂ ನಿನಗೇ" ಎಂದ.

ಯಜಮಾನ ನನಗಿಂತ ಮುಂಚೆಯೇ ಬಂದಿದ್ದ. ಮೈ ಸ್ವಲ್ಪ ಇಳಿದಿತ್ತು, ಅಷ್ಟೆ.

ವಿಡಿಯೋ ಬಂದದ್ದು ಆಮೇಲೆ. ಅವನು ಮೊದಲು ತನ್ನವರಿಗೆ ಕಳಿಸಿದ್ದ. ಅವರು ಅವರವರಿಗೆ ಕಳಿಸಿದ್ದರು. ನನ್ನ ತನಕ ಬರುವ ಹೊತ್ತಿಗೆ ಊರೆಲ್ಲ ಸುತ್ತಿತ್ತು. ಅದರ ಕೆಳಗೆ ಬರೆದದ್ದನ್ನೂ ಓದಿದೆ. 'ಮುದುಕಿಯ ಧೈರ್ಯ ನೋಡಿ ಕಲೀರಿ' ಎಂದು ಕೆಲವರು. 'ಇಂಥ ದಡ್ಡರಿಂದಲೇ ನಾವು ಸಾಯೋದು' ಎಂದು ಕೆಲವರು. 'ಆ ಬಾಯಿಗೆ ಮಾಸ್ಕೇ ವಾಸಿ' ಎಂದು ಎರಡೂ ಕಡೆಯವರು.

ಜನರ ಫೋನುಗಳೊಳಗೆ ಚಿಕ್ಕಮ್ಮ ದಿನಾ ನನ್ನ ಲಿಫ್ಟು ಹತ್ತತೊಡಗಿದಳು. ನಾನು ಯಾರೆಂದು ಗೊತ್ತಿಲ್ಲದವರು ನನ್ನ ಪಕ್ಕದಲ್ಲೇ ನಿಂತು ಫೋನು ತೆಗೆದು ಒಬ್ಬರಿಗೊಬ್ಬರು ತೋರಿಸುತ್ತಿದ್ದರು. ನನ್ನ ಕಿವಿಯ ಹತ್ತಿರ ಚಿಕ್ಕಮ್ಮ, ನನಗೇನೂ ಆಗಿಲ್ಲ ಅನ್ನುತ್ತಿದ್ದಳು. ಆರನೆಯ ಮಹಡಿಯ ಮೊಗಸಾಲೆಯಿಂದ ಅನ್ನುತ್ತಿದ್ದಳು. ಎರಡನೆಯದರ ಮೆಟ್ಟಿಲಿಂದ ಅನ್ನುತ್ತಿದ್ದಳು. ಲಿಫ್ಟಿನ ಆ ಬಾವಿಯಂಥ ಜಾಗದಲ್ಲಿ ದನಿ ಮೇಲಕ್ಕೂ ಕೆಳಕ್ಕೂ ಹರಿದು, ಎಲ್ಲಿಂದ ಬಂತು ಎಂದು ತಿಳಿಯುತ್ತಿರಲಿಲ್ಲ. ಒಂದು ದಿನ ಲಿಫ್ಟಿನಲ್ಲಿ ನಾನೊಬ್ಬಳೇ. ನಾಲ್ಕನೆಯ ಮಹಡಿ ದಾಟುವಾಗ ಕೇಳಿಸಿತು. ಫೋನಿನಲ್ಲಿ ಇಲ್ಲದ ಮಾತು. "ಬೇಡ ಸಾರ್." ಬಲೆಯ ಆಚೆ ನೋಡಿದೆ. ಬೀಗ ಹಾಕಿದ ಲಿಫ್ಟು ಕೆಳಗಿತ್ತು. ಆಚೆ ಕತ್ತಲು, ತೂಗುವ ಹಗ್ಗ. ಆಮೇಲೆ ನಾಲ್ಕನೆಯ ಮಹಡಿ ದಾಟುವಾಗಲೆಲ್ಲ ಕಣ್ಣು ಮುಚ್ಚುತ್ತಿದ್ದೆ.

ಒಂದು ಗುರುವಾರ ಕಮಿಟಿ ಸಭೆ ಕರೆದರು. ಕಟ್ಟಡದಲ್ಲಿ ಮಾಸ್ಕು ಬೇಕೋ ಬೇಡವೋ, ಇವತ್ತೇ ತೀರ್ಮಾನ ಎಂದರು. ನೆಲಮಹಡಿಯ ಹಾಲಿನಲ್ಲಿ ಐವತ್ತು ಕುರ್ಚಿ. ಹೊತ್ತು ತಂದು ಹಾಕಿದವಳು ನಾನು. ಒಬ್ಬೊಬ್ಬರ ನಡುವೆ ಮೂರಡಿ ಬಿಡು ಎಂದಳು ಡಾಕ್ಟರಮ್ಮ. ಬಿಟ್ಟೆ. ಯಜಮಾನ ಬಂದು ತನ್ನವರ ಕುರ್ಚಿಗಳನ್ನು ಹತ್ತಿರ ಎಳೆಸಿದ. ಎಳೆದವಳೂ ನಾನೇ.

ಡಾಕ್ಟರಮ್ಮ ಅಂಕಿ ಹೇಳಿದಳು, ಚಿತ್ರ ತೋರಿಸಿದಳು. ಯಜಮಾನ ಎದ್ದು, "ಅಂಕಿ ಯಾರಿಗೆ ಬೇಕು? ಬದುಕಿರೋ ಸಾಕ್ಷಿ ತೋರಿಸ್ತೀನಿ" ಎಂದ. ಗೋಡೆಯ ಮೇಲಿನ ಟೀವಿಗೆ ತನ್ನ ಫೋನು ಜೋಡಿಸಿದ.

ಚಿಕ್ಕಮ್ಮ ಗೋಡೆಯಷ್ಟು ದೊಡ್ಡವಳಾಗಿ ಬಂದಳು. ತುಟಿಯ ಬಿಳುಪು ನನ್ನ ಅಂಗೈಯಷ್ಟಿತ್ತು.

ಫೋನಿನಲ್ಲಿ ಕಾಣದ್ದು ಅಲ್ಲಿ ಕಂಡಿತು. ನಗುವಾಗ ಅವಳ ಕಣ್ಣು ಫೋನಿನ ಕಡೆ ಇರಲಿಲ್ಲ. ಪಕ್ಕಕ್ಕಿತ್ತು, ಮೇಲಕ್ಕೆ. ನನ್ನ ಲಿಫ್ಟು ಹೋದ ಕಡೆಗೆ.

ನನ್ನ ಕೈಯಲ್ಲಿ ನೀರಿನ ಲೋಟಗಳ ತಟ್ಟೆ ಇತ್ತು. ಕೆಳಗಿಟ್ಟೆ. ನಡೆದು ಹೋಗಿ ಟೀವಿಯ ಮುಂದೆ ನಿಂತೆ.

"ಆಚೆ ಸರಿಯಮ್ಮ" ಎಂದರು ಯಾರೋ.

"ಇವಳು ನನ್ನ ಚಿಕ್ಕಮ್ಮ" ಎಂದೆ. "ಬದುಕಿಲ್ಲ. ಸತ್ತು ಒಂದು ತಿಂಗಳಾಯ್ತು. ಇವರು ಇದನ್ನ ತೆಗೆದ ಆರನೇ ದಿನ ಮಲಗಿದ್ಲು. ಎರಡು ಸಲ ಬೇಡ ಅಂದ್ಲು. ಅದನ್ನ ಕತ್ತರಿಸಿದ್ದಾರೆ."

ಬೆನ್ನ ಹಿಂದೆ ಚಿಕ್ಕಮ್ಮ ಮತ್ತೆ ಮೊದಲಿಂದ ಶುರು ಮಾಡಿದಳು.

ಯಜಮಾನ ಬೆವರು ಒರೆಸಿಕೊಂಡ. "ಅವಳಿಗೆ ರೋಗ ಎಲ್ಲಿಂದ ಬಂತೋ ಯಾರಿಗೆ ಗೊತ್ತು? ಸಾವಿರ ಜನ ಹತ್ತಿ ಇಳೀತಾರೆ."

"ಯಾರಿಗೂ ಗೊತ್ತಿಲ್ಲ ಸಾರ್. ನನಗೂ ಗೊತ್ತಿಲ್ಲ. ಆದ್ರೆ ಭಯ ಇಲ್ಲ ಅಂತ ಅವಳು ಹೇಳಿದ್ದು ನಿಮ್ಮ ಭಯಕ್ಕೆ. ಅದು ನನಗೆ ಗೊತ್ತು."

"ಹೇಗೆ ಗೊತ್ತು?"

"ಪಕ್ಕದ ಲಿಫ್ಟಲ್ಲಿದ್ದೆ. ನೋಡ್ದೆ."

"ಓಹೋ" ಎಂದ. ಅವನಿಗೆ ಜೀವ ಬಂತು. "ನೋಡ್ದೆ ಅಂತೆ. ಆಗ ನಿಂಗೆ ಬಾಯಿರ್ಲಿಲ್ವಾ?"

ಅವನ ಇಡೀ ಜನ್ಮದಲ್ಲಿ ಅವನು ಆಡಿದ ಒಂದೇ ಒಂದು ನಿಜವಾದ ಮಾತು ಅದಿರಬಹುದು.

ಅಷ್ಟರಲ್ಲಿ ಡಾಕ್ಟರಮ್ಮ ಎದ್ದು ಬಂದಳು. ಅವಳ ಕಣ್ಣಲ್ಲಿ ನೀರಿತ್ತು. ಕೈಯಲ್ಲಿ ಫೋನಿತ್ತು. "ಇದನ್ನೇ ನಾನು ಹೇಳ್ತಿದ್ದದ್ದು. ನೀವು ಈಗ ಹೇಳಿದ್ದನ್ನ ಇನ್ನೊಂದ್ಸಲ ಹೇಳಿ. ರೆಕಾರ್ಡ್ ಮಾಡ್ತೀನಿ. ಜನಕ್ಕೆ ಪಾಠ ಆಗ್ಲಿ."

ನಾನು ಅವಳ ಫೋನು ನೋಡಿದೆ. ಅವನದರ ಹಾಗೆಯೇ ಇತ್ತು.

"ಡಾಕ್ಟ್ರಮ್ಮ, ನಿಮ್ಮನ್ನೊಂದು ಕೇಳ್ತೀನಿ. ಮಾಸ್ಕ್ ಬರೋಕ್ಮುಂಚೆ ಒಂಬತ್ತು ವರ್ಷ ಅವಳ ಲಿಫ್ಟು ಖಾಲಿ ನಿಂತಿರ್ತಿತ್ತು. ಒಂದು ದಿನ ಹತ್ತಿದ್ರಾ?"

ಅವಳು ಟೀವಿಯ ಕಡೆ ನೋಡಿದಳು.

"ಬೇರೆಯೋರಿಗೆ ತಿಳೀಲಿಲ್ಲ ಅನ್ಕೊಳ್ಳೋಣ. ನೀವು ಡಾಕ್ಟ್ರು. ಅದು ಅಂಟಲ್ಲ ಅಂತ ನಿಮಗೆ ಗೊತ್ತಿತ್ತಲ್ಲ?"

ಅವಳ ಫೋನು ಕೆಳಗಿಳಿಯಿತು.

"ನನ್ನ ಚಿಕ್ಕಮ್ಮ ಇವರ ಸಾಕ್ಷೀನೂ ಅಲ್ಲ, ನಿಮ್ಮ ಪಾಠಾನೂ ಅಲ್ಲ. ಅದನ್ನ ಆರಿಸಿ."

ಮೇನೇಜರ್ ಓಡಿ ಬಂದು ಟೀವಿ ಆರಿಸಿದ. ಹಾಗೆಯೇ ನನ್ನ ತೋಳು ಹಿಡಿದು, "ನಡಿ, ಲಿಫ್ಟಿಗೆ ನಡಿ. ಎಲ್ರೂ ಮೇಲೆ ಹೋಗ್ಬೇಕು" ಎಂದು ತಳ್ಳಿದ. ತೀರ್ಮಾನ ಆಗದೆ ಸಭೆ ಮುರಿಯಿತು.

ಮೊದಲು ಬಂದವನು ಯಜಮಾನ. ಬರಿಮುಖ. ಒಳಗೆ ಬಂದು ನನ್ನ ತಲೆಯ ಮೇಲೆ ನಿಂತ. "ಐದು" ಎಂದ.

"ಮಾಸ್ಕ್ ಹಾಕ್ಕೊಳ್ಳಿ."

"ಐದು ಅಂದೆ."

ನಾನು ಹಿಡಿಕೆಯ ಮೇಲೆ ಕೈ ಇಟ್ಟು ಕೂತೆ. ತಿರುಗಿಸಲಿಲ್ಲ. ಹೊರಗೆ ಸಾಲು ಬೆಳೆಯಿತು. ಮೇನೇಜರ್, "ನಡೆಸೇ, ತಲೆ ಕೆಟ್ಟಿದ್ಯಾ?" ಎಂದು ಕೂಗಿದ. ಏಳನೆಯ ಮಹಡಿಯಿಂದ ಗಂಟೆ ಬಾರಿಸಿತು. ಮತ್ತೆ ಬಾರಿಸಿತು. ಬಿಡದೆ ಬಾರಿಸಿತು.

ಯಜಮಾನ ಬಗ್ಗಿ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದ. ಅವನ ಉಸಿರು ನನ್ನ ಹಣೆಗೆ ಬಡಿಯಿತು. ಬಿಸಿಯಾಗಿತ್ತು. ಇದೇ ಉಸಿರು ಅಂದುಕೊಂಡೆ. ಬೆರಳು ಬಿಡಲಿಲ್ಲ. ಜನ ನೋಡುತ್ತಿದ್ದಾರೆ ಎಂದು ಅವನಿಗೆ ನೆನಪಾಯಿತು. ಕೈ ತೆಗೆದು ಫೋನು ಎತ್ತಿದ.

"ನಿನ್ನ ಮುಖಾನೂ ಊರಿಗೆಲ್ಲ ತೋರಿಸ್ತೀನಿ."

"ತೋರಿಸಿ. ಶುರುವಿಂದ ತೋರಿಸಿ ಸಾರ್. ಕತ್ತರಿಸ್ಬೇಡಿ."

ಅವನು ಫೋನು ಜೇಬಿಗೆ ಹಾಕಿದ. ಆಮೇಲೆ ಇಳಿದು ಮೆಟ್ಟಿಲು ಹತ್ತಿದ. ಅವನ ಬೂಟಿನ ಸದ್ದು ಕೇಳುತ್ತಲೇ ಇತ್ತು. ಎರಡನೆಯ ಮಹಡಿಯಲ್ಲಿ ನಿಂತ. ಏದುಸಿರು, ಕೆಮ್ಮು. ಮತ್ತೆ ಹತ್ತಿದ. ಮತ್ತೆ ನಿಂತ. ರೋಗ ಅವನನ್ನೂ ಪೂರ್ತಿ ಬಿಟ್ಟಿರಲಿಲ್ಲ. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಆ ಕೆಮ್ಮು ಚಿಕ್ಕಮ್ಮನ ಕೆಮ್ಮಿನ ಹಾಗೆಯೇ ಇತ್ತು.

ಸಂಜೆಗೇ ಮೇನೇಜರ್ ನನ್ನನ್ನು ಕೆಲಸದಿಂದ ತೆಗೆದ. ಈಗ ಆ ಕಟ್ಟಡದಲ್ಲಿ ಗುಂಡಿ ಒತ್ತುವ ಲಿಫ್ಟುಗಳಿವೆಯಂತೆ. ನಾನು ಒಂದು ಲಾಂಡ್ರಿಯಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುತ್ತೇನೆ. ಕೈ ಸುಟ್ಟುಕೊಳ್ಳುವುದು ಬಿಟ್ಟರೆ ಕೆಲಸ ಪರವಾಗಿಲ್ಲ. ನೀರು ಕುಡಿಯಬಹುದು.

ರೋಗ ಹೋಯಿತು. ಮಾಸ್ಕು ಹೋಯಿತು. ಅವಳು ಹೋಗಲಿಲ್ಲ. ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಯಾರೋ ಅವಳನ್ನು ಮತ್ತೆ ಎಬ್ಬಿಸಿ ಕಳಿಸುತ್ತಾರೆ. ಈಗ ಯಾರೂ ವಾದ ಮಾಡುವುದಿಲ್ಲ. ಬರೀ ನಗುತ್ತಾರೆ. ಹಿಂದೆ ಯಾವುದೋ ಹಾಡು ಸೇರಿಸಿದ್ದಾರೆ.

ಹೋದ ವಾರ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನ ಹುಡುಗಿಯ ಫೋನಿನಲ್ಲಿ ಬಂದಳು. ಹುಡುಗಿಗೆ ಇಪ್ಪತ್ತಿರಬಹುದು. ನಕ್ಕಳು. ನಾನೂ ನಗಲಿ ಎಂದು ಫೋನನ್ನು ನನ್ನ ಕಡೆ ತಿರುಗಿಸಿದಳು.

"ಅದು ಶುರುವಿಂದ ಇಲ್ಲಮ್ಮ" ಎಂದೆ.

"ಏನಾಂಟಿ?"

"ಅದಕ್ಕೆ ಮುಂಚೆ ಎರಡು ಸಲ ಬೇಡ ಅಂದಿದ್ಲು. ಬಲವಂತವಾಗಿ ಹೇಳಿಸಿದ್ರು. ಆಮೇಲೆ ಹದಿನೈದು ದಿನಕ್ಕೆ ಸತ್ತೋದ್ಲು. ನನ್ನ ಚಿಕ್ಕಮ್ಮ."

ಹುಡುಗಿಯ ಮುಖ ಇಳಿಯಿತು. ಫೋನಿನ ಸದ್ದು ನಿಲ್ಲಿಸಿದಳು. ಚಿಕ್ಕಮ್ಮ ಸದ್ದಿಲ್ಲದೆ ಬಾಯಾಡಿಸುತ್ತಿದ್ದಳು.

"ಅಯ್ಯೋ, ಸಾರಿ ಆಂಟಿ. ನಂಗೆ ಗೊತ್ತಿರ್ಲಿಲ್ಲ." ಫೋನನ್ನು ಮಡಿಲಲ್ಲಿಟ್ಟು ಕೇಳಿದಳು. "ಅಲ್ಲಿ ಅವರ ಪರವಾಗಿ ಯಾರೂ ಇರ್ಲಿಲ್ವಾ?"

ಬಸ್ಸು ತಿರುವು ತೆಗೆದುಕೊಂಡಿತು. ನಾನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ.

"ನಾನಿದ್ದೆ" ಎಂದೆ.

ಹುಡುಗಿ ನನ್ನನ್ನೇ ನೋಡುತ್ತಾ ಕಾದಳು. ನನ್ನ ಸ್ಟಾಪು ಬಂತು. ಕಂಡಕ್ಟರು ಎರಡು ಸಲ ಕೂಗಿದ. ಈ ಸಲ ನಾನು ಎದ್ದು ಹೋಗಲಿಲ್ಲ.